ಉಪಗ್ರಹದ ಲೋಹಕ್ಕೂ ಒಂದು ಪರೀಕ್ಷೆ



ಪರೀಕ್ಷೆಯಲ್ಲಿ ಅನುತ್ತೀರ್ಣರಾದರೆ ನಿಮಗೆ ಪೂರಕ ಪರೀಕ್ಷೆಯ ಅವಕಾಶವಿದೆ. ಆದರೆ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಹದಿನೈದು ವರ್ಷ ದುಡಿಯಬೇಕಾದ ಸಂಪರ್ಕ ಉಪಗ್ರಹಕ್ಕೆ ಅಂತಹ ಅವಕಾಶವಿಲ್ಲ. ಅದರ ರೇಡಿಯೋ ಉಪಕರಣ ಒಳಗಿನಿಂದ ಕೆಟ್ಟರೆ ಅಲ್ಲಿಗೆ ಹೋಗಿ ಬಿಚ್ಚಿ ಸರಿಪಡಿಸುವವರು ಯಾರು? ಆದುದರಿಂದಲೇ ಅದರೊಳಗಿನ ಲೋಹವನ್ನು ಭೂಮಿಯ ಮೇಲೆಯೇ ಪರೀಕ್ಷಿಸಿ ಕಳುಹಿಸುತ್ತಾರೆ. ಈ ಪರೀಕ್ಷೆಯ ಹಿಂದೆ ನೂರು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ.

1902ರಲ್ಲಿ ಆಸ್ಟಿನ್ ಮತ್ತು ಸ್ಟಾರ್ಕೆ ಎಂಬ ವಿಜ್ಞಾನಿಗಳು ಒಂದು ವಿಚಿತ್ರವನ್ನು ಗಮನಿಸಿದರು. ಲೋಹದ ಮೇಲೆ ಬಿದ್ದ ಎಲೆಕ್ಟ್ರಾನುಗಳಿಗಿಂತ ಅಲ್ಲಿಂದ ಹೊರಬಿದ್ದ ಎಲೆಕ್ಟ್ರಾನುಗಳೇ ಹೆಚ್ಚಾಗಿದ್ದವು. ಬಂದು ಬಡಿದ ಎಲೆಕ್ಟ್ರಾನ್ ಲೋಹದೊಳಗಿನ ಬೇರೆ ಎಲೆಕ್ಟ್ರಾನುಗಳನ್ನು ಹೊರದೂಡುತ್ತಿತ್ತು. 1934ರ ಸುಮಾರಿಗೆ ಅಮೆರಿಕದ ಟೆಲಿವಿಷನ್ ಸಂಶೋಧಕ ಫಿಲೊ ಫಾರ್ನ್ಸ್‌ವರ್ತ್ ಇದನ್ನೇ ಉಪಯೋಗಿಸಿ, ದುರ್ಬಲ ಸಂಕೇತವನ್ನು ಬಲಪಡಿಸುವ ನಳಿಕೆಯೊಂದನ್ನು ತಯಾರಿಸಿದರು. ಅದಕ್ಕೆ ಅವರು ಇಟ್ಟ ಹೆಸರು ‘ಮಲ್ಟಿಪ್ಯಾಕ್ಟರ್’.

ಅವರಿಗೆ ಸೇವಕನಾಗಿದ್ದ ಇದೇ ಮಲ್ಟಿಪ್ಯಾಕ್ಟರ್ ಮುಂದೆ ಉಪಗ್ರಹಗಳಿಗೆ ಶತ್ರುವಾಯಿತು! ಹೇಗೆಂದು ನೋಡೋಣ. ಉಪಗ್ರಹದ ಉಪಕರಣದೊಳಗೆ ಗಾಳಿಯಿಲ್ಲ, ಎಲೆಕ್ಟ್ರಾನಿಗೆ ಅಡ್ಡಿಯಿಲ್ಲ. ರೇಡಿಯೋ ಅಲೆಯ ಬಲ ಅದನ್ನು ಒಂದು ಗೋಡೆಯಿಂದ ಎದುರು ಗೋಡೆಗೆ ತಳ್ಳುತ್ತದೆ. ಅದು ಬಡಿಯುವ ಹೊತ್ತಿಗೆ ಸರಿಯಾಗಿ ಅಲೆಯ ದಿಕ್ಕು ಬದಲಾದರೆ, ಹೊಸದಾಗಿ ಹೊರಬಿದ್ದ ಎಲೆಕ್ಟ್ರಾನುಗಳು ಮತ್ತೆ ಈಚೆಗೆ ಧಾವಿಸುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಇಪ್ಪತ್ತು ಸಲ ದಾಟುವಷ್ಟರಲ್ಲಿ ಹತ್ತು ಲಕ್ಷ ಮೀರುತ್ತವೆ. ಒಂದು ಗಿಗಾಹರ್ಟ್ಸ್ ಅಲೆಯಲ್ಲಿ ಇದಕ್ಕೆ ಬೇಕಾಗುವ ಸಮಯ ಸೆಕೆಂಡಿನ ಹತ್ತು ಕೋಟಿಯಲ್ಲಿ ಒಂದು ಭಾಗ ಮಾತ್ರ. ಪರಿಣಾಮವಾಗಿ ಸಂಕೇತದಲ್ಲಿ ಗದ್ದಲ ಹೆಚ್ಚುತ್ತದೆ, ಲೋಹ ಬಿಸಿಯಾಗುತ್ತದೆ, ಕೆಲವೊಮ್ಮೆ ಉಪಕರಣವೇ ಹಾಳಾಗುತ್ತದೆ.

1960ರ ದಶಕದ ಮೊದಲ ಸಂಪರ್ಕ ಉಪಗ್ರಹಗಳ ಶಕ್ತಿ ಕೆಲವೇ ವ್ಯಾಟುಗಳಷ್ಟಿತ್ತು. ಮನೆಮನೆಗೆ ನೇರವಾಗಿ ಟಿ.ವಿ. ತಲುಪಿಸುವ ಕಾಲ ಬಂದಾಗ ಒಂದೊಂದು ಚಾನೆಲಿಗೇ ನೂರು ವ್ಯಾಟ್ ಮೀರಿತು. ನೂರು ವ್ಯಾಟಿನ ಹತ್ತು ಚಾನೆಲುಗಳು ಒಂದೇ ಕೊಳವೆಯಲ್ಲಿ ಸಾಗಿದರೆ ಒಟ್ಟು ಸಾವಿರ ವ್ಯಾಟ್ ಎಂದು ನೀವು ಲೆಕ್ಕ ಹಾಕಬಹುದು. ಆದರೆ ಹತ್ತೂ ಅಲೆಗಳ ಶಿಖರಗಳು ಒಮ್ಮೆಲೇ ಕೂಡಿದರೆ ವೋಲ್ಟೇಜ್ ಹತ್ತು ಪಟ್ಟು, ಶಕ್ತಿ ನೂರು ಪಟ್ಟು. ಅಂದರೆ ಆ ಕ್ಷಣದಲ್ಲಿ ಹತ್ತು ಸಾವಿರ ವ್ಯಾಟ್!

ಹಾಗಾದರೆ ಯಾವ ಲೋಹ ಸುರಕ್ಷಿತ? ಇದನ್ನು ಬಹುಮಟ್ಟಿಗೆ ನಿರ್ಧರಿಸುವುದು ಲೋಹದ ಮೇಲ್ಮೈ. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಯನ್ನು ನೆನೆಯಿರಿ. ಗಾಳಿ ತಾಗಿದೊಡನೆ ಅದರ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪದರ ಕಟ್ಟುತ್ತದೆ. ಶುದ್ಧ ಅಲ್ಯೂಮಿನಿಯಂ ಒಂದು ಎಲೆಕ್ಟ್ರಾನಿಗೆ ಹೆಚ್ಚೆಂದರೆ ಸುಮಾರು ಒಂದನ್ನು ಹೊರಬಿಟ್ಟರೆ, ಈ ಪದರ ಕಟ್ಟಿದ ಮೇಲೆ ಎರಡಕ್ಕಿಂತ ಹೆಚ್ಚು ಬಿಡುತ್ತದೆ. ಬೆರಳಿನ ಜಿಡ್ಡು ತಗಲಿದರೂ ಲೆಕ್ಕ ಬದಲಾಗಬಹುದು. ಅದಕ್ಕಾಗಿಯೇ ಬೆಳ್ಳಿ, ಚಿನ್ನ ಮುಂತಾದ ಲೇಪನಗಳನ್ನು ಕೊಟ್ಟು, ಪ್ರತಿಯೊಂದನ್ನೂ ಅಳೆದು ನೋಡುತ್ತಾರೆ.

ಪ್ರಯೋಗಾಲಯದ ಕ್ರಮ ಹೀಗಿದೆ: ಲೋಹದ ತುಣುಕನ್ನು ನಿರ್ವಾತ ಕೋಣೆಯಲ್ಲಿಟ್ಟು ಅದರ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿ, ಬಂದವೆಷ್ಟು, ಹೊರಬಿದ್ದವೆಷ್ಟು ಎಂದು ಅಳೆಯುತ್ತಾರೆ. ಬಳಿಕ ಪೂರ್ಣ ಉಪಕರಣವನ್ನೇ ನಿರ್ವಾತದಲ್ಲಿಟ್ಟು, ಅದು ಮುಂದೆ ಹೊರಬೇಕಾದ ಶಕ್ತಿಗಿಂತ ಹೆಚ್ಚು ಶಕ್ತಿಯನ್ನು ಹರಿಸುತ್ತಾರೆ. 6 ಡೆಸಿಬೆಲ್ ಅಂತರವಿಟ್ಟರೆ ನಾಲ್ಕು ಪಟ್ಟು ಎಂದರ್ಥ. ಇಲ್ಲಿ ಒಂದು ಸೂಕ್ಷ್ಮವಿದೆ. ಆರಂಭಕ್ಕೆ ಬೇಕಾದ ಮೊದಲ ಎಲೆಕ್ಟ್ರಾನ್ ಆ ಹೊತ್ತಿಗೆ ಒಳಗೆ ಇಲ್ಲದಿದ್ದರೆ ಕೆಟ್ಟ ಉಪಕರಣವೂ ಉತ್ತೀರ್ಣವಾಗಿಬಿಡಬಹುದು! ಆದುದರಿಂದ ವಿಕಿರಣಶೀಲ ಮೂಲ, ಎಲೆಕ್ಟ್ರಾನ್ ಗನ್ ಅಥವಾ ನೇರಳಾತೀತ ಬೆಳಕಿನಿಂದ ಬೇಕೆಂದೇ ಎಲೆಕ್ಟ್ರಾನುಗಳನ್ನು ಒದಗಿಸುತ್ತಾರೆ.

ಈ ಕೆಲಸವನ್ನು ದಶಕಗಳ ಕಾಲ ಮುನ್ನಡೆಸಿದ್ದು ನೆದರ್‌ಲ್ಯಾಂಡಿನ ನೂರ್ಡ್‌ವೈಕ್‌ನಲ್ಲಿರುವ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಕೇಂದ್ರ. 2003ರಲ್ಲಿ ಯುರೋಪ್ ಇದಕ್ಕಾಗಿ ಪ್ರತ್ಯೇಕ ಮಾನದಂಡವನ್ನೇ ಪ್ರಕಟಿಸಿತು. 2010ರಲ್ಲಿ ಸ್ಪೇನಿನ ವೆಲೆನ್ಸಿಯ ನಗರದಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳ ಸಹಯೋಗದಿಂದ ಅಧಿಕ ಶಕ್ತಿಯ ರೇಡಿಯೋ ಪ್ರಯೋಗಾಲಯ ಆರಂಭವಾಯಿತು. ಉಪಕರಣಗಳ ಜೊತೆಗೆ ಲೋಹ, ಲೇಪನಗಳ ಪರೀಕ್ಷೆಯೂ ಅಲ್ಲಿ ನಡೆಯುತ್ತದೆ.

ಮಿತ್ರರೇ, ರಾಕೆಟ್ ಹಾರುವ ದೃಶ್ಯವನ್ನು ನಾವೆಲ್ಲರೂ ಟಿ.ವಿ.ಯಲ್ಲಿ ನೋಡಿ ಚಪ್ಪಾಳೆ ತಟ್ಟುತ್ತೇವೆ. ಆದರೆ ಅದಕ್ಕೂ ಬಹಳ ಮೊದಲೇ, ಅಂಗೈಯಲ್ಲಿ ಹಿಡಿಸುವ ಲೋಹದ ತುಣುಕಿನ ಮುಂದೆ ದಿನಗಟ್ಟಲೆ ಕುಳಿತು ಅಂಕಿಗಳನ್ನು ಬರೆದವರನ್ನು ನಾವು ಕಾಣುವುದಿಲ್ಲ. ಭಾರತದ ಸಂಪರ್ಕ ಉಪಗ್ರಹಗಳು ಸಿದ್ಧವಾಗುವುದು ನಮ್ಮ ಬೆಂಗಳೂರಿನಲ್ಲೇ. ಭೌತಶಾಸ್ತ್ರ, ರಸಾಯನಶಾಸ್ತ್ರ, ಎಲೆಕ್ಟ್ರಾನಿಕ್ಸ್ ಓದುತ್ತಿರುವ ನಿಮ್ಮಲ್ಲಿ ಯಾರಾದರೂ ನಾಳೆ ಇಂತಹ ಪ್ರಯೋಗಾಲಯದಲ್ಲಿ ಕೂರಬಹುದು. ಇಂದು ಕಾಲೇಜಿನ ಪ್ರಯೋಗಾಲಯದಲ್ಲಿ ನಿಮ್ಮ ಅಳತೆ ಪುಸ್ತಕದ ಉತ್ತರಕ್ಕೆ ಹೊಂದದಿದ್ದಾಗ ಅಂಕಿಯನ್ನು ತಿದ್ದಿ ಬರೆಯಬೇಡಿ, ಮತ್ತೊಮ್ಮೆ ಅಳೆಯಿರಿ. ಆ ಅಭ್ಯಾಸ ಈಗಲೇ ಬೆಳೆಯಬೇಕು. ಉಪಗ್ರಹ ಮೇಲೇರಿದ ಬಳಿಕ ಅಂಕಿಯನ್ನು ತಿದ್ದಲು ಸಾಧ್ಯವಿಲ್ಲ.