ಅಳಿವೆ ಓದಿದ ಮೇಷ್ಟ್ರುಗಳು

ಎರಡನೆಯ ಮಹಾಯುದ್ಧ ಮುಗಿದ ಕೆಲವು ವರ್ಷಗಳಿಗೆ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಜೀವಶಾಸ್ತ್ರ ವಿಭಾಗದಲ್ಲಿ ಪಠ್ಯಕ್ರಮದ ಬಗ್ಗೆ ಒಂದು ಸಭೆ ಸೇರಿತ್ತು. ಜೀವಶಾಸ್ತ್ರ ಓದುವ ಪ್ರತಿಯೊಬ್ಬರೂ ಕಡ್ಡಾಯವಾಗಿ ಕಲಿಯಬೇಕಾದ ವಿಷಯಗಳು ಯಾವುವು ಎಂಬ ಚರ್ಚೆ ಅಲ್ಲಿ ನಡೆದಿತ್ತು. ಪರಿಸರವಿಜ್ಞಾನವನ್ನೂ ಸೇರಿಸೋಣ ಎಂದು ಯೂಜೀನ್ ಓಡಮ್ ಎಂಬ ಅಧ್ಯಾಪಕರು ಸೂಚಿಸಿದಾಗ ಸಹೋದ್ಯೋಗಿಗಳು ನಕ್ಕುಬಿಟ್ಟರು. ಆ ವಿಷಯಕ್ಕೆ ತನ್ನದೇ ಆದ ಮೂಲತತ್ತ್ವಗಳಿವೆ ಎಂದೇ ಅವರಿಗೆ ಅನ್ನಿಸಿರಲಿಲ್ಲ. ಓಡಮ್ ಆ ತತ್ತ್ವಗಳನ್ನು ಬರೆಯಲು ಕುಳಿತರು. ತಮ್ಮ ಹೊವರ್ಡ್ ಓಡಮ್ ನೆರವಿನೊಂದಿಗೆ ‘ಫಂಡಮೆಂಟಲ್ಸ್ ಆಫ್ ಇಕಾಲಜಿ’ 1953ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರ ವಿಶ್ವವಿದ್ಯಾಲಯ ಜಾರ್ಜಿಯಾ ಕರಾವಳಿಯ ಸಪೆಲೋ ದ್ವೀಪದಲ್ಲಿ ಒಂದು ಕಡಲ ಸಂಶೋಧನಾ ಕೇಂದ್ರವನ್ನು ತೆರೆಯಿತು. ಜಗತ್ತಿನ ಕಾಲೇಜುಗಳಿಗೆ ಪರಿಸರವಿಜ್ಞಾನ ಕಲಿಸಿದ ಪುಸ್ತಕಕ್ಕೂ ಹೊಳೆ ಕಡಲು ಸೇರುವ ಅಳಿವೆಗಳ ಬಗೆಗಿನ ಹೊಸ ಸಂಶೋಧನೆಗೂ ಒಂದೇ ವಯಸ್ಸು, ಎರಡಕ್ಕೂ ಒಬ್ಬರೇ ಮೇಷ್ಟ್ರು. ಅಳಿವೆ ವಿಜ್ಞಾನದ ನೂರೈವತ್ತು ವರ್ಷಗಳ ಹಾದಿಯನ್ನು ನೋಡುತ್ತ ಹೋದರೆ ಈ ಜೋಡಿ ಮತ್ತೆ ಮತ್ತೆ ಎದುರಾಗುತ್ತದೆ. ಕೆಸರಿಗಿಳಿದು ಅಳೆದವರು ತರಗತಿಯಲ್ಲಿ ನಿಂತು ಕಲಿಸಿದವರೂ ಆಗಿದ್ದಲ್ಲೆಲ್ಲ ಈ ಶಾಸ್ತ್ರ ಮುಂದೆ ಹೋಗಿದೆ.

ಮೊದಲ ಹೆಸರು ಜರ್ಮನಿಯ ಕಾರ್ಲ್ ಮೋಬಿಯಸ್. ಪ್ರಾಥಮಿಕ ಶಾಲೆಯ ಶಿಕ್ಷಕನಾಗಲು ತರಬೇತಿ ಪಡೆದಿದ್ದ ಅವರು ಹ್ಯಾಂಬರ್ಗಿನ ಶಾಲೆಯೊಂದರಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು. 1868ರಲ್ಲಿ ಕೀಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಕರಾವಳಿಯಲ್ಲಿ ಸಿಂಪಿ ಸಾಕಣೆ ಸಾಧ್ಯವೇ ಎಂದು ಪ್ರಷ್ಯಾ ಸರಕಾರ ಅವರನ್ನು ಕೇಳಿತು. ಸರಕಾರಕ್ಕೆ ಬೇಕಿದ್ದದ್ದು ವ್ಯಾಪಾರದ ಲೆಕ್ಕ. ಮೋಬಿಯಸ್ ಸಿಂಪಿಯ ದಿಬ್ಬದ ಮೇಲೆ ಏನೇನು ಬದುಕುತ್ತಿದೆ ಎಂದು ನೋಡುತ್ತ ಹೋದರು. ಏಡಿ, ಹುಳ, ಪಾಚಿ, ಸ್ಪಂಜು ಎಲ್ಲವೂ ಅಲ್ಲಿನ ಉಪ್ಪು, ಉಷ್ಣತೆ, ಆಹಾರಕ್ಕೆ ಹೊಂದಿಕೊಂಡು ಒಂದನ್ನೊಂದು ಮಿತಿಯಲ್ಲಿಟ್ಟುಕೊಂಡು ಬಾಳುತ್ತಿದ್ದವು. 1877ರ ಪುಸ್ತಕದಲ್ಲಿ ಅವರು ಈ ಒಟ್ಟು ಬದುಕನ್ನು ಜೀವಸಮುದಾಯ ಎಂದು ಕರೆದರು. ಒಂದು ಜೀವಿಯನ್ನು ಮಿತಿಮೀರಿ ತೆಗೆದರೆ ಇಡೀ ಸಮುದಾಯದ ಸ್ವರೂಪ ಬದಲಾಗುತ್ತದೆ ಎಂಬುದನ್ನೂ ತೋರಿಸಿದರು. ಅದಕ್ಕೆ ಸಾಕ್ಷಿಯಾಗಿ, ರೈಲು ಬಂದು ಪೇಟೆ ಹತ್ತಿರವಾದ ಮೇಲೆ ಬರಿದಾದ ಫ್ರಾನ್ಸಿನ ಸಿಂಪಿ ದಿಬ್ಬಗಳನ್ನು ಹೆಸರಿಸಿದರು. ಅವರ ವಿಚಾರವನ್ನು ಕೀಲ್‌ನ ಶಾಲಾ ಶಿಕ್ಷಕ ಫ್ರೀಡ್ರಿಖ್ ಯುಂಗೆ ತರಗತಿಗೆ ಒಯ್ದರು. ಊರ ಕೆರೆಯನ್ನು ಒಂದು ಜೀವಸಮುದಾಯವೆಂದು ನೋಡಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ಬಗೆಯನ್ನು ಯುಂಗೆ 1885ರಲ್ಲಿ ಪುಸ್ತಕವಾಗಿ ಬರೆದರು. ಸತ್ತ ಮಾದರಿಗಳ ಹೆಸರು ಉರು ಹೊಡೆಸುತ್ತಿದ್ದ ಕಾಲದಲ್ಲಿ ಅದು ದೊಡ್ಡ ಹೆಜ್ಜೆ. ಸಿಂಪಿಯ ದಿಬ್ಬದಿಂದ ಶಾಲೆಯ ಬೆಂಚಿಗೆ ಒಂದು ವಿಚಾರ ಬರಲು ಎಂಟೇ ವರ್ಷ ಸಾಕಾಯಿತು.

ಮುಂದಿನ ಹಲವು ದಶಕಗಳಲ್ಲಿ ಗಮನವೆಲ್ಲ ಉಪ್ಪಿನ ಮೇಲೆ. ಕೀಲ್‌ನವರೇ ಆದ ಆಡಾಲ್ಫ್ ರೆಮಾನೆ ಬಾಲ್ಟಿಕ್ ಸಮುದ್ರದ ಜೀವಿಗಳನ್ನು ಲೆಕ್ಕಹಾಕಿ, ಸಿಹಿನೀರಿಗೂ ಕಡಲಿಗೂ ನಡುವಿನ ಒಂದು ಹಂತದಲ್ಲಿ, ಲೀಟರಿಗೆ ಸುಮಾರು 5ರಿಂದ 8 ಗ್ರಾಂ ಉಪ್ಪಿರುವಲ್ಲಿ, ಪ್ರಭೇದಗಳ ಸಂಖ್ಯೆ ತೀರ ಕಡಿಮೆ ಎಂದು 1934ರಲ್ಲಿ ತೋರಿಸಿದರು. ಚೆಸಪೀಕ್ ಕೊಲ್ಲಿಯಲ್ಲಿ ಕೆಲಸ ಮಾಡಿದ ಡೊನಾಲ್ಡ್ ಪ್ರಿಚರ್ಡ್, ಹಗುರವಾದ ಸಿಹಿನೀರು ಮೇಲೆ ಕಡಲಿನತ್ತ ಹರಿದರೆ ಭಾರದ ಉಪ್ಪುನೀರು ತಳದಲ್ಲಿ ಹೊಳೆಯೊಳಗೆ ನುಗ್ಗುತ್ತದೆ ಎಂಬ ಎರಡು ಪದರದ ಹರಿವನ್ನು ಅಳೆದು ವಿವರಿಸಿದರು. ಮೊಟ್ಟೆ, ಮರಿ, ಹೂಳು ಎಲ್ಲವೂ ಕಡಲಿಗೆ ಕೊಚ್ಚಿಹೋಗದೆ ಅಳಿವೆಯಲ್ಲೇ ಉಳಿಯಲು ಈ ತಳದ ಹರಿವು ಕಾರಣ. ಕಡಲಿಗೆ ತೆರೆದುಕೊಂಡು, ಹೊಳೆಯ ನೀರಿನಿಂದ ಉಪ್ಪು ತೆಳುವಾಗುವ ಅರೆಮುಚ್ಚಿದ ಜಲಪ್ರದೇಶವೇ ಅಳಿವೆ ಎಂಬ ಪ್ರಿಚರ್ಡ್ ವ್ಯಾಖ್ಯೆ ಇಂದಿಗೂ ಪಠ್ಯಗಳಲ್ಲಿದೆ.

ಇನ್ನು ಸಪೆಲೋ. ತಂಬಾಕು ಉದ್ಯಮದ ಸಿರಿವಂತ ಆರ್.ಜೆ. ರೆನಾಲ್ಡ್ಸ್ ಜೂನಿಯರ್ ತಮ್ಮ ದ್ವೀಪದ ಕಟ್ಟಡಗಳನ್ನು ಬಿಟ್ಟುಕೊಟ್ಟರು. ಹೈನುಗಾರಿಕೆಗೆಂದು ಕಟ್ಟಿದ್ದ ಕೊಟ್ಟಿಗೆ ಪ್ರಯೋಗಾಲಯವಾಯಿತು. ಸುತ್ತಲೂ ಕಣ್ಣು ಹಾಯುವವರೆಗೆ ಸ್ಪಾರ್ಟೀನಾ ಎಂಬ ಎತ್ತರದ ಹುಲ್ಲು. ದಿನಕ್ಕೆರಡು ಬಾರಿ ಎರಡು ಮೀಟರಿಗೂ ಮಿಕ್ಕಿ ಏರಿಳಿಯುವ ಭರತ. ಓಡಮ್ ಅವರ ಪ್ರಶ್ನೆ ಬಹಳ ಸರಳ. ಈ ಹುಲ್ಲುಗಾವಲು ಎಷ್ಟು ಆಹಾರ ತಯಾರಿಸುತ್ತದೆ, ಅದು ಎಲ್ಲಿಗೆ ಹೋಗುತ್ತದೆ? ಆವರೆಗೆ ಜೌಗು ಎಂದರೆ ಸೊಳ್ಳೆಯ ತವರು, ಮಣ್ಣು ತುಂಬಿ ನಿವೇಶನ ಮಾಡಬೇಕಾದ ಪಾಳು. ಅಲ್ಲಿಗೆ ಬಂದ ಯುವ ವಿಜ್ಞಾನಿ ಜಾನ್ ಟೀಲ್ ಹುಲ್ಲಿನಿಂದ ಕೀಟಕ್ಕೆ, ಬ್ಯಾಕ್ಟೀರಿಯಕ್ಕೆ, ಏಡಿಗೆ, ಬಸವನಹುಳುವಿಗೆ ಹರಿಯುವ ಶಕ್ತಿಯನ್ನು ಒಂದೊಂದಾಗಿ ಅಳೆದರು. 1962ರ ಅವರ ಲೆಕ್ಕದಂತೆ ಹುಲ್ಲನ್ನು ಹಸಿಯಾಗಿ ತಿನ್ನುವ ಜೀವಿಗಳ ಪಾಲು ತೀರ ಸಣ್ಣದು. ಬಹುಪಾಲು ಸತ್ತು, ಕೊಳೆತು, ಚೂರುಗಳಾಗಿ ಆಹಾರ ಸರಪಳಿಗೆ ಸೇರುತ್ತದೆ. ಉತ್ಪನ್ನದ ಸುಮಾರು ಶೇ 45ರಷ್ಟು ಇಳಿತದೊಂದಿಗೆ ಹೊರಗಿನ ನೀರಿಗೆ ಹೋಗುತ್ತದೆ. ಇದರ ಮೇಲೆ ಓಡಮ್ ತಮ್ಮ ಸಿದ್ಧಾಂತ ಕಟ್ಟಿದರು. ರೈತ ಗೊಬ್ಬರ ಹೊತ್ತು, ನೀರು ಹಾಯಿಸಿ ಮಾಡುವ ದುಡಿಮೆಯನ್ನು ಜೌಗಿನಲ್ಲಿ ಭರತ ಇಳಿತಗಳು ಬಿಟ್ಟಿಯಾಗಿ ಮಾಡುತ್ತವೆ, ಅದರಿಂದ ಬಂದ ಹೆಚ್ಚುವರಿ ಬೆಳೆ ಕಡಲಿನ ಮೀನನ್ನು ಸಾಕುತ್ತದೆ ಎಂದರು.

ಈ ಮಾತಿಗೆ ಪ್ರಯೋಗಾಲಯದ ಹೊರಗೂ ಕಿವಿಗಳಿದ್ದವು. 1960ರ ದಶಕದ ಕೊನೆಗೆ ಜಾರ್ಜಿಯಾದ ಜೌಗಿನಡಿಯ ಫಾಸ್ಫೇಟ್ ಅಗೆಯುವ ಯೋಜನೆ ಬಂದಾಗ ಸಪೆಲೋದ ಅಂಕಿಗಳು ಜನರ ಕೈಯಲ್ಲಿ ವಾದವಾದವು. 1970ರಲ್ಲಿ ಆ ರಾಜ್ಯ ಕರಾವಳಿ ಜೌಗು ಸಂರಕ್ಷಣೆಯ ಕಾಯಿದೆ ತಂದಿತು. ಅಮೆರಿಕದ ಪೂರ್ವ ತೀರದಲ್ಲಿ ಉಳಿದಿರುವ ಉಪ್ಪುಜೌಗಿನ ಮೂರನೆಯ ಒಂದು ಭಾಗ ಈಗ ಜಾರ್ಜಿಯಾದಲ್ಲಿದೆ ಎನ್ನುತ್ತಾರೆ. ಆ ರಾಜ್ಯದ ಕರಾವಳಿ ಅಷ್ಟೇನೂ ಉದ್ದವಿಲ್ಲ ಎಂಬುದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ.

ಆದರೆ ಸಪೆಲೋವನ್ನು ನಾನು ಗೌರವಿಸುವುದು ಇದಕ್ಕಿಂತ ಹೆಚ್ಚಾಗಿ ಮುಂದೆ ನಡೆದದ್ದಕ್ಕೆ. ಓಡಮ್ ಅವರ ಸಿದ್ಧಾಂತವನ್ನು ಅಲ್ಲಿನ ಕೆಸರೇ ತಿದ್ದಿತು. ಲಾರೆನ್ಸ್ ಪೊಮರಾಯ್ 1950ರ ದಶಕದಲ್ಲೇ ಕೆಸರಿನ ಮೇಲಿನ ಕಣ್ಣಿಗೆ ಕಾಣದ ಪಾಚಿಯ ಉತ್ಪಾದನೆಯನ್ನು ಅಳೆದು, ಲೆಕ್ಕವೆಲ್ಲ ಹುಲ್ಲಿನದಲ್ಲ ಎಂದು ತೋರಿಸಿದ್ದರು. 1970ರ ದಶಕದಲ್ಲಿ ಅದೇ ಕೇಂದ್ರದ ಎವೆಲಿನ್ ಹೇನ್ಸ್ ಇಂಗಾಲದ ಐಸೋಟೋಪುಗಳನ್ನು ಹಿಡಿದು ಹುಡುಕಿದರು. ಸ್ಪಾರ್ಟೀನಾ ಹುಲ್ಲಿನ ಇಂಗಾಲಕ್ಕೆ ತನ್ನದೇ ಗುರುತಿದೆ. ಹೊರಗಿನ ನೀರಿನಲ್ಲಿ ತೇಲುವ ಚೂರುಗಳಲ್ಲಿ ಆ ಗುರುತು ನಿರೀಕ್ಷೆಯಷ್ಟು ಸಿಗಲಿಲ್ಲ, ಪಾಚಿಯ ಗುರುತೇ ಎದ್ದು ಕಂಡಿತು. 1980ರಲ್ಲಿ ರೋಡ್ ಐಲೆಂಡಿನ ಸ್ಕಾಟ್ ನಿಕ್ಸನ್ ಇಪ್ಪತ್ತು ವರ್ಷಗಳ ಬರಹಗಳನ್ನೆಲ್ಲ ಜಾಲಾಡಿ, ಜೌಗಿನಿಂದ ಕಡಲಿಗೆ ಆಹಾರ ಹರಿಯುತ್ತದೆ ಎಂಬುದು ಎಲ್ಲ ಕಡೆ ಒಪ್ಪುವ ಮಾತಲ್ಲ ಎಂದು ಬರೆದರು. ಅದೇ ವರ್ಷ ಓಡಮ್ ಕೂಡ ತಮ್ಮ ಮೂರು ಪ್ರಮುಖ ಊಹೆಗಳನ್ನು ಮತ್ತೆ ಪರಿಶೀಲನೆಗೆ ಇಟ್ಟರು. ಹೊರಹರಿವು ನಿತ್ಯದ ಸಂಗತಿಯಲ್ಲ, ಬಿರುಗಾಳಿ, ಮಹಾಭರತಗಳಲ್ಲಿ ಬಿಟ್ಟು ಬಿಟ್ಟು ಆಗುವಂಥದ್ದು ಎಂಬ ಕಡೆಗೆ ಅವರ ಯೋಚನೆ ಸರಿಯಿತು. ಖ್ಯಾತಿಯ ತುದಿಯಲ್ಲಿದ್ದ ಮೇಷ್ಟ್ರು ಹೀಗೆ ತಮ್ಮ ಪಾಠವನ್ನು ತಿದ್ದಿಕೊಳ್ಳುವುದು ಅಪರೂಪ. 2002ರಲ್ಲಿ ಬ್ರಯಾನ್ ಸಿಲಿಮನ್, ಮಾರ್ಕ್ ಬರ್ಟ್‌ನೆಸ್ ಇನ್ನೊಂದು ಕಂಬವನ್ನು ಅಲುಗಿಸಿದರು. ಬಸವನಹುಳುಗಳನ್ನು ತಿನ್ನುವ ಏಡಿ ಮೀನುಗಳನ್ನು ದೂರವಿಟ್ಟರೆ, ಯಾರೂ ಲೆಕ್ಕಕ್ಕಿಡದಿದ್ದ ಆ ಹುಳುಗಳೇ ಎಂಟು ತಿಂಗಳಲ್ಲಿ ಹುಲುಸಾದ ಜೌಗನ್ನು ಬರಿಯ ಕೆಸರು ಬಯಲಾಗಿಸಿದವು. ಹಸಿ ಹುಲ್ಲನ್ನು ತಿನ್ನುವವರು ಕಡಿಮೆ ಎಂಬ ಟೀಲ್ ಲೆಕ್ಕದ ಹಿಂದೆ, ತಿನ್ನುವವರನ್ನು ತಿನ್ನುವವರು ಅಡಗಿದ್ದರು.

ಭಾರತದ ಅಳಿವೆಗಳ ಕಥೆ ಇದರ ನೆರಳಲ್ಲ. ಚಿಲಿಕಾ ಸರೋವರದ ಪ್ರಾಣಿಗಳ ಕುರಿತು ನೆಲ್ಸನ್ ಅನ್ನಂಡೇಲ್, ಸ್ಟ್ಯಾನ್ಲಿ ಕೆಂಪ್ ಬರೆದದ್ದು 1915ರಲ್ಲಿ. ಪ್ರಯೋಗದ ದಾರಿ ತೆರೆದವರು ಎನ್.ಕೆ. ಪಣಿಕ್ಕರ್. ಮದ್ರಾಸ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಪ್ರಯೋಗಾಲಯದ ಆರ್. ಗೋಪಾಲ ಅಯ್ಯರ್ ಜೊತೆಗೂಡಿ ಅವರು ಮದ್ರಾಸಿನ ಉಪ್ಪುಸಿಹಿ ನೀರಿನ ಪ್ರಾಣಿಗಳ ಬಗ್ಗೆ 1937ರಲ್ಲಿ ವಿವರವಾದ ಲೇಖನ ಪ್ರಕಟಿಸಿದರು. ಬಳಿಕ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಸಿಗಡಿಗಳು ತಮ್ಮ ರಕ್ತದ ಉಪ್ಪನ್ನು ಹೇಗೆ ಹದದಲ್ಲಿಟ್ಟುಕೊಳ್ಳುತ್ತವೆ ಎಂದು ಪರೀಕ್ಷಿಸಿದರು. ಸುತ್ತಲ ನೀರು ಸಪ್ಪೆಯಾದಂತೆ ದೇಹದೊಳಗೆ ನೀರು ನುಗ್ಗುತ್ತದೆ, ಉಪ್ಪು ಸೋರುತ್ತದೆ. ಅದನ್ನು ತಡೆದು ನಿಲ್ಲಬಲ್ಲವು ಮಾತ್ರ ಅಳಿವೆಯಲ್ಲಿ ಬದುಕುತ್ತವೆ. ಬೆಚ್ಚಗಿನ ನೀರಿನಲ್ಲಿ ಈ ಕೆಲಸ ಸುಲಭ ಎಂದು 1940ರಲ್ಲಿ ಪಣಿಕ್ಕರ್ ವಾದಿಸಿದರು. ಉಷ್ಣವಲಯದ ಅಳಿವೆಗಳಲ್ಲಿ ಕಡಲಿನ ಇಷ್ಟೊಂದು ಜೀವಿಗಳು ಒಳಗೆ ಬಂದು ನೆಲೆಸಿರುವುದಕ್ಕೆ ಅವರು ಕೊಟ್ಟ ಕಾರಣ ಇದು. ತಂಪಾದ, ಭರತವೇ ಇಲ್ಲದಂಥ ಬಾಲ್ಟಿಕ್‌ನಲ್ಲಿ ರೆಮಾನೆ ಕಂಡ ಬಡತನವನ್ನು ನಮ್ಮ ಹೊಳೆಬಾಯಿಗಳಿಗೆ ಹಾಗೇ ಹೊಂದಿಸಬಾರದು ಎಂಬುದಕ್ಕೂ ಇದು ಒಳ್ಳೆಯ ಆಧಾರ. ಅದಕ್ಕೆ ಸಿಗಬೇಕಾದ ಗಮನ ನಮ್ಮ ಪಠ್ಯಗಳಲ್ಲಿ ಸಿಕ್ಕಿಲ್ಲ ಎಂಬ ಕೊರಗು ನನಗಿದೆ. ಮುಂದೆ ಪಣಿಕ್ಕರ್ 1966ರಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾದರು, ಕೊನೆಗೆ ಕೊಚ್ಚಿ ವಿಶ್ವವಿದ್ಯಾಲಯದ ಕುಲಪತಿಯಾದರು.

ತಮಿಳುನಾಡಿನ ಪರಂಗಿಪೇಟೆಯಲ್ಲಿ ಆರ್.ವಿ. ಶೇಷಯ್ಯ ಕಟ್ಟಿದ ಅಣ್ಣಾಮಲೈ ವಿಶ್ವವಿದ್ಯಾಲಯದ ಕಡಲಜೀವಿ ಕೇಂದ್ರ, ವೆಲ್ಲಾರ್ ಅಳಿವೆಯ ದಡದಲ್ಲೇ ತರಗತಿ ನಡೆಸಿ ಹಲವು ತಲೆಮಾರುಗಳನ್ನು ತಯಾರು ಮಾಡಿತು. ಅಲಿಗಢದಲ್ಲಿ ಪಾಠ ಹೇಳಿದ್ದ ಎಸ್.ಜಡ್. ಖಾಸಿಂ 1960ರ ದಶಕದಲ್ಲಿ ಕೊಚ್ಚಿಯ ಹಿನ್ನೀರಿಗೆ ಇಳಿದರು. ಮಳೆಗಾಲದಲ್ಲಿ ನೀರು ಹೆಚ್ಚುಕಡಿಮೆ ಸಿಹಿಯಾಗಿ, ಬೇಸಿಗೆಯಲ್ಲಿ ಕಡಲಿನಷ್ಟೇ ಉಪ್ಪಾಗುವ ಆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ವರ್ಷವಿಡೀ ಹೇಗೆ ಬೆಳೆಯುತ್ತವೆ ಎಂಬುದು ಅವರ ಪ್ರಶ್ನೆ. ಅವುಗಳಲ್ಲಿ ಹಲವು ಕಡಲಿಗಿಂತ ಕಡಿಮೆ ಉಪ್ಪಿನಲ್ಲೇ ಚೆನ್ನಾಗಿ ದ್ಯುತಿಸಂಶ್ಲೇಷಣೆ ನಡೆಸುತ್ತವೆ ಎಂದು ತಿಳಿಯಿತು. ತಯಾರಾದ ಆಹಾರವನ್ನೆಲ್ಲ ತೇಲುವ ಸಣ್ಣ ಪ್ರಾಣಿಗಳು ತಿಂದು ಮುಗಿಸಲಾರವು. ಉಳಿದದ್ದು ತಳಕ್ಕಿಳಿದು ಸಿಗಡಿಗಳ ಪಾಲಾಗುತ್ತದೆ. ಟೀಲ್ ಹುಲ್ಲಿನಲ್ಲಿ ಕಂಡ ದಾರಿ ಇಲ್ಲಿ ಬೇರೆ ಸಸ್ಯದಿಂದ ಶುರುವಾಗಿ ಅದೇ ಕೆಸರಿಗೆ ಬಂದು ಮುಟ್ಟಿತು. 1981ರ ಡಿಸೆಂಬರಿನಲ್ಲಿ ಹೊರಟ ಭಾರತದ ಮೊದಲ ಅಂಟಾರ್ಕ್ಟಿಕ ಯಾತ್ರೆಯ ನಾಯಕರಾಗಿ ಖಾಸಿಂ ಹೆಸರು ಎಲ್ಲರಿಗೂ ಗೊತ್ತು. ಕೊಚ್ಚಿಯ ಈ ಕೆಲಸವೂ ಅಷ್ಟೇ ದೊಡ್ಡದು. ಮುಂದೆ ಗೋವೆಯ ಸಂಶೋಧಕರು ಮಾಂಡೋವಿ ಹೊಳೆಯನ್ನು ಅಳೆದು, ಮಳೆಗಾಲದ ಅಳಿವೆಗಳು ಎಂದೂ ಒಂದು ಸಮಸ್ಥಿತಿಗೆ ಬರುವುದಿಲ್ಲ, ಅವನ್ನು ಪ್ರತ್ಯೇಕ ಬಗೆಯೆಂದೇ ನೋಡಬೇಕು ಎಂದರು.

ನಮ್ಮ ಕರಾವಳಿಯಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾಯಿತು. ಕಾರವಾರದ ಕೋಡಿಬಾಗದಲ್ಲಿ, ಕಾಳಿ ಹೊಳೆ ಕಡಲು ಸೇರುವಲ್ಲೇ, ಕರ್ನಾಟಕ ವಿಶ್ವವಿದ್ಯಾಲಯ ಕಡಲಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗ ತೆರೆಯಿತು. ಆದರೂ ಜನರ ಬದುಕಿಗೆ ತೀರ ಹತ್ತಿರ ಬಂದ ಕೆಲಸ ಕುಮಟಾದಿಂದ ಬಂತೆನ್ನಬೇಕು. ಅಲ್ಲಿನ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಎಂ.ಡಿ. ಸುಭಾಷ್ ಚಂದ್ರನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತವರ ತಂಡದೊಂದಿಗೆ ಅಘನಾಶಿನಿ ಅಳಿವೆಯನ್ನು ಅಧ್ಯಯನ ಮಾಡಿದರು. ಇಳಿತದ ಹೊತ್ತಿಗೆ ಹೊಳೆಗಿಳಿದು ಬೆಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರ ದುಡಿಮೆಗೆ ಅದುವರೆಗೆ ಯಾವ ಕಡತದಲ್ಲೂ ಬೆಲೆಯಿರಲಿಲ್ಲ. ಇವರ 2008ರ ವರದಿ ಎರಡು ಸಾವಿರಕ್ಕೂ ಹೆಚ್ಚು ಜನ ಅದರಿಂದ ನೇರವಾಗಿ ಬದುಕುತ್ತಿದ್ದಾರೆ, ವರ್ಷದ ವಹಿವಾಟು ಕೋಟಿಗಳ ಲೆಕ್ಕದಲ್ಲಿದೆ ಎಂದು ತೋರಿಸಿತು. ಅದೇ ಅಳಿವೆಯ ದಡದ ತದಡಿಯಲ್ಲಿ 4000 ಮೆಗಾವಾಟ್‌ನ ಉಷ್ಣವಿದ್ಯುತ್ ಸ್ಥಾವರದ ಮಾತು ಎದ್ದಿದ್ದ ಕಾಲವದು. ಆ ಯೋಜನೆ ಬರಲಿಲ್ಲ. 4801 ಹೆಕ್ಟೇರಿನ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ 2024ರ ಜನವರಿಯಲ್ಲಿ ಹೊರಬಿತ್ತು.

ಇದೇ ತಂಡ ಪಕ್ಕದ ಶರಾವತಿ ಅಳಿವೆಯನ್ನೂ ನೋಡಿತು. ಅಘನಾಶಿನಿಗೆ ಅಣೆಕಟ್ಟಿಲ್ಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು, ಆಮೇಲೆ ಕೆಳಗಡೆ ಗೇರುಸೊಪ್ಪೆ. ವಿದ್ಯುತ್ತಿಗಾಗಿ ಬೇಸಿಗೆಯಲ್ಲೂ ಬಿಡುವ ನೀರು ಅಳಿವೆಯನ್ನು ಸಪ್ಪೆಯಾಗಿಸಿತು. ಉಪ್ಪು ಬೇಡುವ ಬೆಳಚುಗಳು ಅಲ್ಲಿಂದ ಬಹುತೇಕ ಮರೆಯಾದವು. ಪಣಿಕ್ಕರ್ ಸಿಗಡಿಯ ರಕ್ತದಲ್ಲಿ ಕಂಡ ಮಿತಿಯನ್ನೇ ಇಲ್ಲಿ ಒಂದು ಹೊಳೆ ಪೂರ್ತಿ ತೋರಿಸುತ್ತಿದೆ. ಅಘನಾಶಿನಿಯ ಗಜನಿ ಗದ್ದೆಗಳಲ್ಲಂತೂ ಖಾಸಿಂ ಹೇಳಿದ್ದನ್ನು ರೈತರು ಹಿಂದಿನಿಂದಲೇ ನಡೆಸುತ್ತ ಬಂದಿದ್ದಾರೆ. ಮಳೆ ಉಪ್ಪನ್ನು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತ ಬಿತ್ತುತ್ತಾರೆ, ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ, ಆಮೇಲೆ ಉಪ್ಪುನೀರು ಒಳಗೆ ಬಿಡುತ್ತಾರೆ. ಕೊಳೆತ ಹುಲ್ಲು ಸಿಗಡಿ ಮೀನುಗಳಿಗೆ ಮೇವು.

ನಮ್ಮ ಕಾಲೇಜುಗಳ ಹುಡುಗ ಹುಡುಗಿಯರು ಇಂದಿಗೂ ಓಡಮ್ ಪುಸ್ತಕದಿಂದ ಶಕ್ತಿಹರಿವಿನ ಚಿತ್ರ ಬರೆಯುತ್ತಾರೆ. ಬರೆಯಲಿ, ಅದು ದೊಡ್ಡ ಪುಸ್ತಕ. ಆದರೆ ಉತ್ತರ ಕನ್ನಡದಲ್ಲಿ ನೂರು ಕಿಲೋಮೀಟರಿನ ಒಳಗೆ ಕಟ್ಟೆ ಹಾಕಿದ ಕಾಳಿ, ಶರಾವತಿಗಳೂ ಕಟ್ಟೆಯಿಲ್ಲದ ಅಘನಾಶಿನಿಯೂ ಇವೆ, ಮೂರರ ಬಳಿಯೂ ವಿಜ್ಞಾನ ಕಲಿಸುವ ಕಾಲೇಜುಗಳಿವೆ. ಕಾರವಾರ, ಕುಮಟಾ, ಹೊನ್ನಾವರದ ವಿದ್ಯಾರ್ಥಿಗಳು ಪ್ರತಿ ಅಮಾವಾಸ್ಯೆಯ ಇಳಿತದಲ್ಲಿ ಒಂದೇ ಕ್ರಮದಲ್ಲಿ ಲವಣಾಂಶ ಅಳೆದು, ಒಂದು ಚದರ ಮೀಟರಿನ ಬೆಳಚುಗಳನ್ನು ಎಣಿಸಿ, ಮೂರು ಕಾಲೇಜುಗಳ ದಾಖಲೆಯನ್ನು ಒಟ್ಟಿಗಿಟ್ಟು ಓದುವ ವ್ಯವಸ್ಥೆಯಾಗಬೇಕು. ಬೇಕಾಗುವ ಉಪಕರಣ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಪದವಿ ತರಗತಿಯ ಪ್ರಾಯೋಗಿಕ ಅಂಕಗಳಲ್ಲಿ ಇದಕ್ಕೊಂದು ಪಾಲು ಕೊಟ್ಟರೆ ಮುಂದಿನ ಮಳೆಗಾಲಕ್ಕೇ ಶುರುಮಾಡಬಹುದು.