ಪ್ಲೇಗಿನ ವರ್ಷದಲ್ಲಿ ಒಂದು ಕಾಲೇಜು

ಮುಂಬಯಿಯ ಕನ್ನಡಿಗರಲ್ಲಿ ಭಾಯಖಳಾದ ಜೆ. ಜೆ. ಆಸ್ಪತ್ರೆಯನ್ನು ಅರಿಯದವರು ವಿರಳ. ಊರಿನಿಂದ ಬಂದ ಬಂಧುಗಳನ್ನು ವೈದ್ಯರಿಗೆ ತೋರಿಸಲೆಂದು ಅಲ್ಲಿಗೆ ಕರೆದೊಯ್ದವರೂ, ಚೀಟಿ ಹಿಡಿದು ಸಾಲಿನಲ್ಲಿ ನಿಂತವರೂ ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ಆಸ್ಪತ್ರೆಯ ಜೊತೆಗೇ ಇರುವ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ 1896-97ರಲ್ಲಿ ನಡೆದ ಒಂದು ಸಂಗತಿಯು ಮುಂದೆ ನಮ್ಮ ಹುಬ್ಬಳ್ಳಿ, ಧಾರವಾಡಗಳ ಮನೆಮನೆಗೂ ಮುಟ್ಟಿತೆಂಬುದನ್ನು ಬಲ್ಲವರು ಕಡಿಮೆ. ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ಆ ವೃತ್ತಾಂತವನ್ನು ಓದುಗರ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. 2020ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಕೊರೋನಾದ ನಿಮಿತ್ತ ದೇಶದ ಕಾಲೇಜುಗಳೆಲ್ಲ ಬಾಗಿಲು ಹಾಕಿದುವು. ಹಾಸ್ಟೆಲುಗಳಲ್ಲಿದ್ದ ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬಂದರು. ಮರುವರ್ಷ ಲಸಿಕೆ ಬಂದಾಗ, ಅದನ್ನು ಹಾಕಿಸಿಕೊಳ್ಳಬೇಕೆ ಬೇಡವೆ ಎಂದು ತಂದೆಗೂ ಮಗನಿಗೂ, ಅತ್ತೆಗೂ ಸೊಸೆಗೂ ವಾದಗಳಾದುವು. ವಿದ್ಯೆ ಕಲಿಯುವ ಜಾಗದಲ್ಲಿ ನೂರಾರು ತರುಣರು ಒಂದೆಡೆ ಸೇರಿರುವಾಗ ಅವರ ಆರೋಗ್ಯವನ್ನು ಕಾಯುವುದು ಹೇಗೆ? ಬಾಗಿಲು ಮುಚ್ಚುವುದರಿಂದಲೆ, ಕಟ್ಟಳೆ ಹೊರಡಿಸುವುದರಿಂದಲೆ, ಅಥವಾ ಬೇರೆ ದಾರಿಯುಂಟೆ? ಈ ಪ್ರಶ್ನೆ ಹೊಸದಲ್ಲ.

ಬಾಗಿಲು ಮುಚ್ಚುವ ದಾರಿಯು ಬಹಳ ಹಳೆಯದು. 1665ರಲ್ಲಿ ಇಂಗ್ಲೆಂಡಿನಲ್ಲಿ ಪ್ಲೇಗು ಹಬ್ಬಿದಾಗ ಕೇಂಬ್ರಿಜ್ ವಿಶ್ವವಿದ್ಯಾಲಯವು ತನ್ನ ವಿದ್ಯಾರ್ಥಿಗಳನ್ನು ಊರಿಗೆ ಕಳುಹಿಸಿತು; ತರುಣ ನ್ಯೂಟನ್ ತನ್ನ ಹಳ್ಳಿಯಾದ ವೂಲ್ಸ್‌ತಾರ್ಪಿಗೆ ಹೋಗಿ ಅಲ್ಲಿಯೇ ಗಣಿತವನ್ನೂ ಬೆಳಕಿನ ಗುಣಗಳನ್ನೂ ಕುರಿತು ಚಿಂತಿಸಿದನೆಂಬುದು ಪ್ರಸಿದ್ಧವಾಗಿದೆ. ಆದರೆ ವೈದ್ಯಕೀಯ ಕಾಲೇಜಿಗೆ ಆ ದಾರಿಯಿಲ್ಲ. ಉಳಿದ ಕಾಲೇಜುಗಳು ಮುಚ್ಚುವ ಹೊತ್ತಿಗೇ ಅದು ಬಾಗಿಲು ತೆರೆದಿರಬೇಕು. ರೋಗಿಗಳು ಅದರ ಅಂಗಳಕ್ಕೇ ಬರುತ್ತಾರೆ.

ಗ್ರಾಂಟ್ ಕಾಲೇಜು ಆರಂಭವಾದುದು 1845ರಲ್ಲಿ. ಮುಂಬಯಿಯ ಗವರ್ನರಾಗಿದ್ದು 1838ರಲ್ಲಿ ತೀರಿಕೊಂಡ ಸರ್ ರಾಬರ್ಟ್ ಗ್ರಾಂಟರ ಸ್ಮರಣೆಗಾಗಿ ಅದಕ್ಕೆ ಆ ಹೆಸರಾಯಿತು. ಪಾರ್ಸಿ ವರ್ತಕರಾದ ಸರ್ ಜಮ್ಷೇಟ್‌ಜೀ ಜೀಜೀಭಾಯಿಯವರು ಕೊಟ್ಟ ಒಂದು ಲಕ್ಷ ರೂಪಾಯಿಗಳ ದಾನದಿಂದ ಆಸ್ಪತ್ರೆಯು ಎದ್ದಿತು. ಪ್ಲೇಗಿನ ಕಾಲಕ್ಕೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಸೀಮೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವಾದುದರಿಂದ ಈ ವಿದ್ಯಾಸಂಸ್ಥೆಯು ಒಂದು ವಿಧದಲ್ಲಿ ನಮ್ಮದೂ ಆಗಿದ್ದಿತು.

1896ರ ಸೆಪ್ಟೆಂಬರಿನಲ್ಲಿ ಬಂದರಿಗೆ ಸಮೀಪದ ಮಾಂಡವಿಯಲ್ಲಿ, ಧಾನ್ಯದ ಉಗ್ರಾಣಗಳೂ ಕಿಕ್ಕಿರಿದ ಚಾಳುಗಳೂ ಇರುವ ಕೇರಿಯಲ್ಲಿ, ಜನರು ವಿಪರೀತ ಜ್ವರದಿಂದಲೂ ತೊಡೆಸಂದಿನ ಗಡ್ಡೆಗಳಿಂದಲೂ ಸಾಯತೊಡಗಿದರು. ಇದು ಪ್ಲೇಗು ಎಂದು ಮೊದಲು ಗುರುತಿಸಿ ಸಾರಿದವರು ಡಾ. ಅಕಾಸಿಯೋ ಗೇಬ್ರಿಯಲ್ ವಿಯೇಗಸ್ ಎಂಬ ಗೋವೆಯ ವೈದ್ಯರು. ಅವರು ಇದೇ ಗ್ರಾಂಟ್ ಕಾಲೇಜಿನಲ್ಲಿ ಕಲಿತವರು. ಎರಡು ವರ್ಷಗಳ ಹಿಂದೆ, 1894ರಲ್ಲಿ, ಹಾಂಗ್‌ಕಾಂಗಿನಲ್ಲಿ ಇದೇ ಬೇನೆಯು ಹಬ್ಬಿದಾಗ ಯೆರ್ಸಿನ್ ಎಂಬ ವಿಜ್ಞಾನಿಯು ಅದರ ಅಣುಜೀವಿಯನ್ನು ಕಂಡುಹಿಡಿದಿದ್ದನು. ಆ ಬೇನೆಯು ಹಡಗುಗಳ ಮೂಲಕ ಮುಂಬಯಿಗೆ ಬಂದಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ಆದರೆ ಇಲಿಯ ಮೈಮೇಲಿನ ಚಿಗಟವು ಅದನ್ನು ಮನುಷ್ಯನಿಗೆ ಹರಡುತ್ತದೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಸೀಮೋಂ ಎಂಬ ಫ್ರೆಂಚ್ ವೈದ್ಯನು 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟನು. ಲೋಕವು ಒಪ್ಪಲು ಇನ್ನೂ ಕೆಲವು ವರ್ಷಗಳು ಹಿಡಿದುವು.

ಕಾರಣ ತಿಳಿಯದ ರೋಗಕ್ಕೆ ಸರಕಾರವು ಮಾಡಿದ ಉಪಾಯವೆಂದರೆ ಬಲಪ್ರಯೋಗ. ಮನೆಗಳನ್ನು ಶೋಧಿಸುವುದು, ಗೋಡೆಗಳಿಗೆ ಕಾರ್ಬಾಲಿಕ್ ದ್ರಾವಣವನ್ನು ಹೊಡೆಯುವುದು, ರೋಗಿಯನ್ನು ಬಂಧುಗಳಿಂದ ಬೇರ್ಪಡಿಸಿ ಆಸ್ಪತ್ರೆಗೆ ಸಾಗಿಸುವುದು. ಆಸ್ಪತ್ರೆಗೆ ಹೋದವನು ಹಿಂದಿರುಗನೆಂಬ ಭಯ ಜನರಲ್ಲಿ ನೆಲೆಸಿತು. 1896ರ ಅಕ್ಟೋಬರ್ ಕೊನೆಯಲ್ಲಿ ಗಿರಣಿಯ ಕೂಲಿಗಾರರು ಗುಂಪುಗೂಡಿ ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಏರಿಹೋದರು. ಮುಂದಿನ ವರ್ಷದ ಆರಂಭದೊಳಗೆ ಎಂಟು ಲಕ್ಷಕ್ಕೂ ಮೀರಿದ ಜನವಿದ್ದ ಆ ನಗರದಿಂದ ಲಕ್ಷಗಟ್ಟಲೆ ಮಂದಿ ಓಡಿಹೋದರು. ಅವರೊಡನೆ ಬೇನೆಯೂ ರೈಲು ಹತ್ತಿತು. 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ನಾವು 2020ರಲ್ಲಿ ಕೇಳಿದುದು ಅದೇ ಕಾಯಿದೆಯ ಹೆಸರನ್ನು. ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ನಡೆಸಿದ ಶೋಧನೆಯಿಂದ ಜನರು ಕೆರಳಿ, 1897ರ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿಯಾದ ರ‍್ಯಾಂಡನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ ಕತೆ ಎಲ್ಲರಿಗೂ ತಿಳಿದಿದೆ. ಬಲಾತ್ಕಾರದಿಂದ ರೋಗವು ಹೋಗಲಿಲ್ಲ. ರೋಗಿಗಳನ್ನು ಅಟ್ಟದ ಮೇಲೂ ಹಿತ್ತಲಿನಲ್ಲಿಯೂ ಬಚ್ಚಿಡುವುದನ್ನು ಜನರು ಕಲಿತರು.

ಇಂತಹ ಗಲಿಬಿಲಿಯ ನಡುವೆ, 1896ರ ಅಕ್ಟೋಬರಿನಲ್ಲಿ, ವಾಲ್ಡೆಮಾರ್ ಹಾಫ್ಕಿನ್ ಎಂಬವರು ಕಲಕತ್ತೆಯ ಕಡೆಯಿಂದ ಮುಂಬಯಿಗೆ ಬಂದು ಇಳಿದರು. ಕಪ್ಪು ಸಮುದ್ರದ ತೀರದ ಒಡೆಸ್ಸಾದಲ್ಲಿ 1860ರಲ್ಲಿ ಹುಟ್ಟಿದ ಯಹೂದಿ ಇವರು. ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿ ಕೆಲಸಮಾಡಿ, ಕಾಲರಾ ರೋಗಕ್ಕೆ ಲಸಿಕೆಯನ್ನು ಸಿದ್ಧಪಡಿಸಿ, 1893ರಲ್ಲಿ ನಮ್ಮ ದೇಶಕ್ಕೆ ಬಂದವರು. ಅವರಿಗೆ ಗ್ರಾಂಟ್ ಕಾಲೇಜಿನಲ್ಲಿ ದೊರೆತುದು ಒಂದು ಕೋಣೆ ಮತ್ತು ಅದರ ಪಡಸಾಲೆ. ಕೈಕೆಳಗೆ ಒಬ್ಬ ಗುಮಾಸ್ತ ಮತ್ತು ಮೂವರು ಜವಾನರು. ಬ್ಯಾಂಕಿನಲ್ಲಿ ಗುಮಾಸ್ತಗಿರಿ ಮಾಡುವವರಾದ ನಮ್ಮ ಕಣ್ಣು ಆ ಗುಮಾಸ್ತನ ಮೇಲೆ ಹೋದುದು ಸಹಜವೇ ಸರಿ. ಆತನ ಹೆಸರನ್ನು ಯಾರೂ ಸ್ಮರಿಸುವುದಿಲ್ಲ. ಆದರೆ ಊರಿಗೆ ಊರೇ ಓಡುತ್ತಿರುವಾಗ, ಮಾರಿಯ ಬೀಜವನ್ನೇ ಗಾಜಿನ ಕುಪ್ಪಿಗಳಲ್ಲಿ ಬೆಳೆಸುತ್ತಿದ್ದ ಕೋಣೆಗೆ ದಿನಾಲು ಕೆಲಸಕ್ಕೆ ಬಂದವರಲ್ಲಿ ಅವನೂ ಒಬ್ಬ.

ಆ ಕೆಲಸದ ಬಗೆಯು ನಮ್ಮ ಗೃಹಿಣಿಯರಿಗೂ ಕುತೂಹಲವನ್ನು ಹುಟ್ಟಿಸುವಂತಿದೆ. ಮಾಂಸದ ಸಾರನ್ನು ಕುಪ್ಪಿಯಲ್ಲಿಟ್ಟು ಅದರ ಮೇಲೆ ಕೆಲವು ತೊಟ್ಟು ತುಪ್ಪವನ್ನು ಬಿಡುತ್ತಿದ್ದರು. ತೇಲುವ ತುಪ್ಪಕ್ಕೆ ಅಂಟಿಕೊಂಡು ಪ್ಲೇಗಿನ ಅಣುಜೀವಿಗಳು ಆಲದ ಬಿಳಲುಗಳಂತೆ ಕೆಳಮುಖವಾಗಿ ಇಳಿಬೀಳುತ್ತಿದ್ದುವು. ಕುಪ್ಪಿಯನ್ನು ಅಲುಗಾಡಿಸಿದರೆ ಬಿಳಲುಗಳು ಕಳಚಿ ತಳಕ್ಕೆ ಬೀಳುವುವು. ಮತ್ತೆ ಹೊಸವು ಬೆಳೆಯುವುವು. ಹೀಗೆ ವಾರಗಟ್ಟಲೆ ಬೆಳೆಸಿದ ಮೇಲೆ ಕುಪ್ಪಿಯನ್ನು ಕಾಯಿಸಿ ಅಣುಜೀವಿಗಳನ್ನು ಕೊಂದು, ಸ್ವಲ್ಪ ಕಾರ್ಬಾಲಿಕ್ ಆಮ್ಲವನ್ನು ಸೇರಿಸಿದರೆ ಲಸಿಕೆಯು ಸಿದ್ಧವಾಗುತ್ತಿದ್ದಿತು. ಸತ್ತ ರೋಗಬೀಜವನ್ನು ದೇಹಕ್ಕೆ ಪರಿಚಯಿಸಿದರೆ, ಬದುಕಿರುವ ಬೀಜವು ಬಂದಾಗ ದೇಹವು ಅದನ್ನು ಗುರುತಿಸಿ ಎದುರಿಸುತ್ತದೆಂಬುದು ಇದರ ತತ್ತ್ವ.

ಮೊಲಗಳ ಮೇಲಿನ ಪರೀಕ್ಷೆಯು ಫಲಿಸಿತು. ಇನ್ನು ಮನುಷ್ಯನ ಸರದಿ. ಆ ಮನುಷ್ಯನು ಯಾರಾಗಬೇಕು? ಬಡ ರೋಗಿಯೊಬ್ಬನನ್ನು ಹಿಡಿದು ತರುವುದು ಆ ಕಾಲದಲ್ಲಿ ಕಷ್ಟವಾಗಿರಲಿಲ್ಲ. ಆದರೆ 1897ರ ಜನವರಿ 10ರಂದು ಹಾಫ್ಕಿನ್ನರು ಅದನ್ನು ತಮ್ಮ ದೇಹಕ್ಕೇ ಚುಚ್ಚಿಸಿಕೊಂಡರು, ಅದೂ ಹತ್ತು ಘನ ಸೆಂಟಿಮೀಟರಿನಷ್ಟು, ಮುಂದೆ ಸಾಮಾನ್ಯ ಜನರಿಗೆ ಕೊಟ್ಟುದಕ್ಕಿಂತ ಬಹು ಹೆಚ್ಚು. ಜ್ವರ ಬಂದಿತು, ಚುಚ್ಚಿದ ಕಡೆ ನೋವಾಯಿತು. ಆದರೆ ಬೇಗನೆ ಚೇತರಿಸಿಕೊಂಡರು. ಅವರ ಬಳಿಕ ಆ ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ನಗರದ ಗಣ್ಯರೂ ಸ್ವ ಇಚ್ಛೆಯಿಂದ ಮುಂದೆ ಬಂದರು.

ನಮ್ಮ ಅಭಿಪ್ರಾಯದಲ್ಲಿ ಈ ವೃತ್ತಾಂತದ ಸಾರವೆಲ್ಲ ಇಲ್ಲಿದೆ. ಅದೇ ನಗರ, ಅದೇ ರೋಗ, ಅದೇ ತಿಂಗಳು. ಹೊರಗೆ ಪೋಲೀಸರು ಬಾಗಿಲು ತಟ್ಟಿದರೆ ಜನರು ಹಿಂಬಾಗಿಲಿನಿಂದ ಓಡುತ್ತಿದ್ದರು. ಕಾಲೇಜಿನ ಆವರಣದೊಳಗೆ ತರುಣರು ತಾವಾಗಿಯೇ ತೋಳನ್ನು ಚಾಚಿದರು. ಅವರು ವೈದ್ಯವಿದ್ಯೆಯನ್ನು ಕಲಿಯುತ್ತಿದ್ದವರು, ಆದುದರಿಂದ ಹೆದರಲಿಲ್ಲವೆಂದು ಕೆಲವರು ಹೇಳಬಹುದು. ಆದರೆ ಸೂಜಿಯ ಅಪಾಯವನ್ನು ಅವರಷ್ಟು ಚೆನ್ನಾಗಿ ಬಲ್ಲವರು ಬೇರಾರೂ ಇರಲಿಲ್ಲ. ಅವರನ್ನು ಒಪ್ಪಿಸಿದುದು ಕಟ್ಟಳೆಯಲ್ಲ; ಲಸಿಕೆಯನ್ನು ಮಾಡಿದವನೇ ಅದನ್ನು ಮೊದಲು ತೆಗೆದುಕೊಂಡನೆಂಬ ನಂಬಿಕೆ.

ಆ ತಿಂಗಳ ಕೊನೆಯಲ್ಲಿ ಸಮೀಪದ ಭಾಯಖಳಾ ಜೈಲಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅಲ್ಲಿ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಲಸಿಕೆಗೆ ಒಪ್ಪಿದರು. ಒಂದೇ ಗೋಡೆಯೊಳಗೆ, ಒಂದೇ ಅನ್ನ ನೀರಿನಲ್ಲಿದ್ದ ಎರಡು ಗುಂಪುಗಳ ಲೆಕ್ಕವನ್ನು ಎದುರುಬದಿರಾಗಿ ಬರೆದು ನೋಡಿದಾಗ, ಚುಚ್ಚಿಸಿಕೊಳ್ಳದವರಲ್ಲಿಯೇ ರೋಗವೂ ಮರಣವೂ ಹೆಚ್ಚಾಗಿದ್ದುವು. ಕಾಲೇಜಿನ ಅಧ್ಯಾಪಕನ ಒಪ್ಪಿಗೆಗೂ ಸರಪಳಿಯಲ್ಲಿರುವ ಕೈದಿಯ ಒಪ್ಪಿಗೆಗೂ ಅಂತರವಿದೆಯೆಂಬುದನ್ನು ನಾವು ಮರೆಯಬಾರದು. ಆದರೂ ಲಸಿಕೆಯ ಗುಣವನ್ನು ಅಂಕಿಗಳಿಂದ ಲೋಕಕ್ಕೆ ತೋರಿಸಿಕೊಟ್ಟವರು ಆ ಅಜ್ಞಾತ ಕೈದಿಗಳೇ.

ಬಳಿಕ ಖೋಜಾ ಸಮಾಜದ ಗುರುಗಳಾದ ಆಗಾಖಾನರು, ಆಗಿನ್ನೂ ಇಪ್ಪತ್ತರ ಆಸುಪಾಸಿನ ತರುಣರು, ತಮ್ಮ ಜನರ ಎದುರಿನಲ್ಲಿ ತಾವೇ ಚುಚ್ಚಿಸಿಕೊಂಡು ಅವರ ಸಂಶಯವನ್ನು ನಿವಾರಿಸಿದರು. ಹಾಫ್ಕಿನ್ನರ ಕೆಲಸಕ್ಕೆ ಮನೆಯೊಂದನ್ನೂ ಬಿಟ್ಟುಕೊಟ್ಟರು. ಕಾಲೇಜಿನ ಪಡಸಾಲೆಯಲ್ಲಿ ಆರಂಭವಾದ ಪದ್ಧತಿಯು ಹೀಗೆ ಕೇರಿಗೆ ಇಳಿಯಿತು.

ಅಲ್ಲಿಂದ ಅದು ನಮ್ಮ ನಾಡಿಗೆ ಬಂದಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಭೀಕರವಾಗಿ ಹಬ್ಬಿ, ಧಾರವಾಡ ಗದಗಗಳಿಗೂ ವ್ಯಾಪಿಸಿತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇದ್ದ ಕತೆಗಳನ್ನು ಆ ಕಡೆಯ ಮನೆತನಗಳಲ್ಲಿ ಹಿರಿಯರು ಹೇಳಿಕೊಂಡು ಬಂದುದುಂಟು. ಆ ವರ್ಷದ ಬೇಸಿಗೆಯ ಕೊನೆಯಿಂದ ಮಳೆಗಾಲದುದ್ದಕ್ಕೂ ಡಾ. ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮುಂದಾಳುತನದಲ್ಲಿ ಹುಬ್ಬಳ್ಳಿಯೊಂದರಲ್ಲಿಯೇ ಮೂವತ್ತು ಸಾವಿರಕ್ಕೂ ಮೀರಿದ ಜನರಿಗೆ ಹಾಫ್ಕಿನ್ನರ ಲಸಿಕೆಯನ್ನು ಹಾಕಲಾಯಿತು. ಚುಚ್ಚಿಸಿಕೊಂಡವರಿಗೆ ಪ್ರಯಾಣದ ತಡೆಗಳಲ್ಲಿ ರಿಯಾಯಿತಿಯಿದ್ದುದೂ ಇದಕ್ಕೆ ಸಹಾಯಕವಾಯಿತು. ಆದರೂ ಸೈನ್ಯವನ್ನು ಕಂಡು ಕೆರಳಿದ ಪುಣೆಗೂ, ಸಾಲಾಗಿ ನಿಂತ ಹುಬ್ಬಳ್ಳಿಗೂ ಇರುವ ಅಂತರವನ್ನು ಓದುಗರು ಗಮನಿಸಬೇಕು. ಆ ವರ್ಷದ ಆಗಸ್ಟಿನಲ್ಲಿ ಬೇನೆಯು ಬೆಂಗಳೂರನ್ನೂ ಮುಟ್ಟಿತು. ಇಕ್ಕಟ್ಟಾದ ಪೇಟೆಯಿಂದ ಹೊರಗೆ ಗಾಳಿ ಬೆಳಕುಗಳುಳ್ಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆಯಲು ಅದೂ ಒಂದು ಕಾರಣವಾಯಿತು.

ಹಾಫ್ಕಿನ್ನರ ಪ್ರಯೋಗಶಾಲೆಯು 1899ರಲ್ಲಿ ಪರೇಲಿನ ಹಳೆಯ ಗವರ್ನರ ಬಂಗಲೆಗೆ ಸ್ಥಳಾಂತರವಾಯಿತು. ಅವರ ಸುಖದ ದಿನಗಳು ಬಹುಕಾಲ ಉಳಿಯಲಿಲ್ಲ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಕುಪ್ಪಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮಡಿದರು. ತಪ್ಪು ಹಾಫ್ಕಿನ್ನರ ತಲೆಯ ಮೇಲೆ ಬಿದ್ದು ಅವರು ಅಧಿಕಾರವನ್ನು ಕಳೆದುಕೊಂಡರು. ಕುಪ್ಪಿಯ ಬಿರಡೆಯನ್ನು ತೆಗೆದ ಚಿಮಟವು ನೆಲಕ್ಕೆ ಬಿದ್ದಿದ್ದಿತೆಂದೂ, ಅದನ್ನು ಸರಿಯಾಗಿ ಶುದ್ಧಿಮಾಡದೆ ಬಳಸಿದುದೇ ಅನರ್ಥಕ್ಕೆ ಕಾರಣವಾಗಿರಬೇಕೆಂದೂ ವಿಚಾರಣೆಯಿಂದ ಹೊರಬಂದಿತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರವಾಗಿ ನಿಂತ ಮೇಲೆ, 1907ರಲ್ಲಿ ಅವರ ಮೇಲಿನ ಆರೋಪವು ತೊಡೆದುಹೋಯಿತು. ದೊಡ್ಡ ಸಾಧನೆಯೂ ಸಣ್ಣ ಶುಚಿತ್ವದ ಮೇಲೆ ನಿಂತಿದೆಯೆಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಕಿಲ್ಲ. ಕೈ ತೊಳೆಯುವುದನ್ನು ಮರೆತ ಮಗನನ್ನು ಗದರಿಸುವ ತಾಯಂದಿರು ಈ ಕತೆಯನ್ನು ಧಾರಾಳವಾಗಿ ಹೇಳಬಹುದು.

ಹಾಫ್ಕಿನ್ನರು 1915ರಲ್ಲಿ ಭಾರತವನ್ನು ಬಿಟ್ಟು, 1930ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ತೀರಿಕೊಂಡರು. ಅದಕ್ಕೆ ಮುಂಚೆಯೇ, 1925ರಲ್ಲಿ, ಪರೇಲಿನ ಸಂಸ್ಥೆಗೆ ಅವರ ಹೆಸರನ್ನು ಇಡಲಾಯಿತು. ಇಂದು ಪ್ಲೇಗಿಗೆ ಔಷಧಗಳಿವೆ. ಅವರ ಲಸಿಕೆಯು ಪೂರ್ಣ ರಕ್ಷೆಯನ್ನೂ ಕೊಡುತ್ತಿರಲಿಲ್ಲ. ಆದರೆ ಒಂದು ಕೋಟಿಗೂ ಹೆಚ್ಚು ಭಾರತೀಯರನ್ನು ಬಲಿ ತೆಗೆದುಕೊಂಡ ಆ ಮಾರಿಯ ಎದುರಿಗೆ ಜನರ ಕೈಗೆ ಸಿಕ್ಕಿದ ಮೊದಲ ಆಯುಧ ಅದು.

ನಮ್ಮ ಮಕ್ಕಳು ಇಂದು ಪುಣೆಯಲ್ಲಿ, ಮಣಿಪಾಲದಲ್ಲಿ, ದೂರದ ಊರುಗಳಲ್ಲಿ ಹಾಸ್ಟೆಲುಗಳಲ್ಲಿದ್ದು ಓದುತ್ತಿದ್ದಾರೆ. ಇನ್ನೊಂದು ಬೇನೆಯು ಬಾರದೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಅದು ಬಂದ ದಿನ ಮಕ್ಕಳಿಗೆ ನಾವು ಹೊರಡಿಸುವ ಆಜ್ಞೆಗಿಂತ, ನಾವು ಮೊದಲು ಮಾಡಿ ತೋರಿಸಿದುದೇ ಹೆಚ್ಚು ನಾಟುವುದು. ಮುಂದಿನ ಬಾರಿ ಮಕ್ಕಳೊಡನೆ ಭಾಯಖಳಾದ ಕಡೆ ಹೋದಾಗ ಆ ಕಾಲೇಜನ್ನು ಅವರಿಗೆ ತೋರಿಸಿ. ಅಲ್ಲಿಯ ಒಂದು ಪಡಸಾಲೆಯಲ್ಲಿ ಒಬ್ಬ ಪರದೇಶಿಯೂ ಒಬ್ಬ ಗುಮಾಸ್ತನೂ ಮೂವರು ಜವಾನರೂ ತುಪ್ಪದ ತೊಟ್ಟುಗಳನ್ನು ಕಾಯುತ್ತ ಕುಳಿತಿದ್ದರೆಂದೂ, ಹುಬ್ಬಳ್ಳಿಯ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಬದುಕಿ ಉಳಿದುದರಲ್ಲಿ ಅವರ ಪಾಲೂ ಇದೆಯೆಂದೂ ಹೇಳಿ.