ಜೇಬುಗಡಿಯಾರದ ಒಳಮುಚ್ಚಳ

ಅಜ್ಜನ ಪೆಟ್ಟಿಗೆಯಲ್ಲಿ ದೊರೆತ ಜೇಬುಗಡಿಯಾರ ಯಾರು ಮಾಡಿದ್ದೆಂದು ಕೇಳಿದರೆ ಬಹುಮಂದಿ ಡಯಲಿನ ಮೇಲಿನ ಹೆಸರನ್ನೇ ಓದಿ ಹೇಳುತ್ತಾರೆ. ಆ ಹೆಸರು ಅನೇಕ ವೇಳೆ ಮಾರಿದವರದು, ಮಾಡಿದವರದಲ್ಲ. ‘ವೆಸ್ಟ್ ಎಂಡ್ ವಾಚ್ ಕಂಪನಿ’ಯನ್ನೇ ನೋಡಿ: ವ್ಯಾಪಾರ ಮುಂಬಯಿ, ಕಲ್ಕತ್ತೆಗಳಲ್ಲಿ, ಯಂತ್ರ ಬಂದದ್ದು ಸ್ವಿಟ್ಜರ್ಲೆಂಡಿನಿಂದ.

ಶಿವಮೊಗ್ಗೆಯಂಥ ಊರಿಗೆ ಇಂಥ ಯಂತ್ರದ ಅಗತ್ಯ ಹೆಚ್ಚಿದ್ದು ರೈಲಿನಿಂದ. 1899ರಲ್ಲಿ ಬೀರೂರಿನಿಂದ ಇಲ್ಲಿಗೆ ಹಳಿ ಬಂತು. ಹೊತ್ತು ನೋಡಿ ಹೊರಡುತ್ತಿದ್ದವರಿಗೆ ನಿಮಿಷದ ಲೆಕ್ಕ ಬೇಕಾಯಿತು. ಆ ನಿಮಿಷವಾದರೂ ಸ್ಥಿರವಾಗಿತ್ತೇ? ಭಾರತದ ರೈಲುಗಳು ಅನುಸರಿಸುತ್ತಿದ್ದುದು ಮದರಾಸಿನ ವೇಳೆಯನ್ನು. 1906ರ ಜನವರಿ 1ರಿಂದ ಭಾರತೀಯ ಪ್ರಮಾಣ ವೇಳೆ ಜಾರಿಗೆ ಬಂದಾಗ ಅದಕ್ಕಿಂತ ಸುಮಾರು 9 ನಿಮಿಷ ಮುಂದೆ ಹೋಗಬೇಕಾಯಿತು. ಅದಕ್ಕೂ ಹಳೆಯ ಗಡಿಯಾರ ನಿಮ್ಮಲ್ಲಿದ್ದರೆ, ಅದರ ಮುಳ್ಳುಗಳು ಎರಡು ಕಾಲಮಾನಗಳನ್ನು ಕಂಡಿರಬಹುದು! 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆಗೆ ತೊಡಗಿದ ಮೇಲೆ ಪಾಳಿಯ ಕೆಲಸಗಾರರಿಗೂ ಗಂಟೆ ನಿಮಿಷಗಳು ಬದುಕಿನ ಮಾತಾದವು.

ಗಾಂಧಿ ಬಜಾರಿನಲ್ಲಿ ರಿಪೇರಿಗೆ ಒಪ್ಪಿಸುವ ಮೊದಲು ಹಿಂಬದಿಯ ಮುಚ್ಚಳ ತೆರೆಸಿ ನೋಡಿ. ಕೀಲಿ ಹಾಕುವ ರಂಧ್ರವಿದ್ದರೆ ಅದು ಹಳೆಯ ಬಗೆಯದು. ತಲೆಯ ಗುಬುಟು ತಿರುಗಿಸಿ ಕೊಡುವ ಬಗೆ ತರುವಾಯದ್ದು. 0.800 ಎಂಬ ಅಂಕೆಯ ಜೊತೆಗೆ ಸಣ್ಣ ಹಕ್ಕಿಯ ಮುದ್ರೆಯಿದ್ದರೆ, ಸಾವಿರದಲ್ಲಿ 800 ಪಾಲು ಬೆಳ್ಳಿಯೆಂದು ಸ್ವಿಸ್ ಸರ್ಕಾರ ಒತ್ತಿದ ಸಾಕ್ಷಿ. ಯಂತ್ರದ ಮೇಲಿನ ಸಂಖ್ಯೆ ಮತ್ತು ಗುರುತನ್ನು ಬರೆದಿಟ್ಟುಕೊಳ್ಳಿ. ತಯಾರಕರ ಪಟ್ಟಿ ದೊರೆತರೆ ವರ್ಷ ಅದರಿಂದಲೇ ತಿಳಿದೀತು.

ಇವೆಲ್ಲಕ್ಕಿಂತ ನನಗೆ ಅಮೂಲ್ಯವೆನಿಸುವುದು ಒಳಮುಚ್ಚಳದಲ್ಲಿ ಸೂಜಿಮೊನೆಯಿಂದ ಗೀಚಿದ ಅಕ್ಷರಗಳು. ಬಿಚ್ಚಿ ಕಟ್ಟಿದ ಕುಶಲಿಗಳು ತಮ್ಮ ಗುರುತನ್ನು, ಕೆಲವೊಮ್ಮೆ ತಾರೀಖನ್ನು ಹೀಗೆ ಕೊರೆದಿಡುತ್ತಿದ್ದರು. ಯಾವ ದಫ್ತರದಲ್ಲಿಯೂ ಉಳಿಯದ ದಾಖಲೆಯದು. ಹೊಳಪಿನ ಆಸೆಗೆ ಒಮ್ಮೆ ಪಾಲಿಷ್ ಮಾಡಿಸಿದರೆ ಅದೂ ಹೋಯಿತು, ಹಕ್ಕಿಯೂ ಮಾಸಿತು. ಎನಾಮಲ್ ಡಯಲಿನ ಕೂದಲೆಳೆಯ ಬಿರುಕಿಗೂ ಬಣ್ಣ ಬಳಿಸಬೇಡಿ. ತಾಮ್ರದ ತಗಡಿನ ಮೇಲೆ ಗಾಜಿನ ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ ಮಾಡಿದ ಮೈ ಅದು.

ಜೀರ್ಣೋದ್ಧಾರವೆಂದರೆ ಒಳಗಿನ ಕೆಲಸ. ಅಂಟಾದ ಹಳೆಯ ಎಣ್ಣೆ ತೊಳೆಯಬೇಕು, ಕಸುವು ಕಳೆದುಕೊಂಡ ಸ್ಪ್ರಿಂಗು ಬದಲಾಗಬೇಕು. ಆಗ ಬ್ಯಾಲೆನ್ಸ್ ಚಕ್ರ ಸಾಮಾನ್ಯವಾಗಿ ಸೆಕೆಂಡಿಗೆ 5ರಂತೆ, ಗಂಟೆಗೆ 18,000 ಬಾರಿ ಆಡುತ್ತದೆ. ವಿಪರೀತ ಮುಂದೆ ಓಡುತ್ತಿದ್ದರೆ ಸವೆತವೇ ಕಾರಣವೆನ್ನಲಾಗದು. ಹೇರ್‌ಸ್ಪ್ರಿಂಗಿಗೆ ಕಾಂತತ್ವ ತಗುಲಿರಬಹುದು. ಕೆಟ್ಟ ಭಾಗಕ್ಕೆ ಬದಲಾಗಿ ಇಡೀ ಯಂತ್ರವನ್ನೇ ಬೇರೆಯದಕ್ಕೆ ಬದಲಾಯಿಸಲು ಮಾತ್ರ ಒಪ್ಪಬೇಡಿ. ತೆಗೆದ ಹಳೆಯ ಸ್ಪ್ರಿಂಗನ್ನೂ ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಬನ್ನಿ.